ಬೆಲ್ಟಿಗೊಂದು ಕೈ

ಅಕ್ಟೋಬರ್ 1, ಮಂಗಳವಾರ

ಇವರ ಅಳತೆ ಪುಸ್ತಕದ ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಬೇರೆ ಕಾಗದ ಇಲ್ಲವೆಂದಲ್ಲ. ಕ್ಯಾಲೆಂಡರಿನ ಹಿಂದೆ ಬರೆದರೆ ಬಂದವರೆಲ್ಲ ಓದುತ್ತಾರೆ. ಈ ಪುಸ್ತಕವನ್ನು ಇವರನ್ನು ಬಿಟ್ಟು ಯಾರೂ ತೆರೆದವರಲ್ಲ, ಇನ್ನು ತೆರೆಯುವವರೂ ಇಲ್ಲ. ಮನೆಯಲ್ಲಿ ನಾವು ಬ್ಯಾರಿಯಲ್ಲಿ ಮಾತಾಡುವುದು, ಬರೆಯಲು ಮಾತ್ರ ನನಗೆ ಕಡಬದ ಶಾಲೆಯ ಕನ್ನಡವೇ ಗತಿ.

ಇವತ್ತು ಇವರ ಹೆಸರಿಗೆ, ಶಿಹಾಬ್ ಎಂದು ಬರೆದು, ಪಾರ್ಸೆಲ್ ಬಂತು. ಮಣ್ಣಾಗಿ ಇಪ್ಪತ್ತು ದಿನವಾದ ಮನುಷ್ಯನಿಗೆ ಪಾರ್ಸೆಲ್. ನನ್ನ ಅಣ್ಣ ಆಶಿಕ್ ಸಹಿ ಹಾಕಿ ತೆಗೆದುಕೊಂಡು, ಒಡೆದು ನೋಡಿ, ನನ್ನ ಮುಖ ನೋಡಿದ. ಒಳಗೆ ಒಂದು ಮೋಟಾರು, ಒಂದು ಬೂದು ಬಣ್ಣದ ಪೆಟ್ಟಿಗೆ, ಚೀನಾದ ಅಕ್ಷರಗಳಿದ್ದ ಒಂದು ಕಾಗದ.

ಕೊಟ್ಟಿಗೆಯ ಲೇತ್ ಮಿಷನ್ನಿಗೆ ಎಂದು ನನಗೆ ಗೊತ್ತಾಯಿತು. ಗುಜರಿಯ ಕಬ್ಬಿಣ, ಹಳೆಯ ಕಂಪ್ಯೂಟರ್ ಎಲ್ಲ ಜೋಡಿಸಿ ಎಂಟು ವರ್ಷ ಕೂತು ಇವರು ಮಾಡಿದ ಮಿಷನ್ ಅದು. ಕಬ್ಬಿಣವೋ ಹಿತ್ತಾಳೆಯೋ ತಿರುಗುತ್ತಿರುತ್ತದೆ, ಎಲ್ಲಿ ಎಷ್ಟು ಕೆತ್ತಬೇಕೆಂದು ಕಂಪ್ಯೂಟರ್ ಹೇಳುತ್ತದೆ. ರಬ್ಬರ್ ಶೀಟ್ ಒತ್ತುವ ಮಿಷನ್ನಿನ ಬುಷ್ಷುಗಳನ್ನು, ಅಚ್ಚು ತಿರುಗಲು ಹಾಕುವ ಹಿತ್ತಾಳೆ ಬಳೆಗಳನ್ನು, ಸುಳ್ಯದವರೆಗೂ ಮಾಡಿ ಕೊಡುತ್ತಿದ್ದರು. ಆದರೆ ಅದಕ್ಕೆ ಮೋಟಾರು ಉಂಟಲ್ಲ, ಹಿಟ್ಟಿನ ಗಿರಣಿಯಿಂದ ತಂದದ್ದು. ಇನ್ನೊಂದು ಯಾಕೆ? ನನಗೊಂದು ಮಾತು ಹೇಳದೆ ಯಾಕೆ?

ಗಂಡ ತೀರಿದವಳು ಕೂರುವ ಇದ್ದತ್ ಮುಗಿಯಲು ಇನ್ನು ನೂರೆಂಟು ದಿನ. ಅಲ್ಲಿಯವರೆಗೆ ಬಿಳಿ ಬಟ್ಟೆ. ಮನೆಯಿಂದ ಹೊರಗೆ ಹೆಜ್ಜೆ ಇಲ್ಲ, ಹೊರಗಿನ ಗಂಡಸರಿಗೆ ಮುಖ ತೋರಿಸುವಂತಿಲ್ಲ.

ಅಕ್ಟೋಬರ್ 3

ಮಿಷನ್ನಿಗೆ ಎಂತ ಮಾಡುದು ಎಂದು ಆಶಿಕ್ ಕೇಳಿದ. ಕಡಬದ ಗುಜರಿಯವನು ತೂಕಕ್ಕೆ ತೆಗೆದುಕೊಳ್ಳುತ್ತಾನಂತೆ. ಕೊಟ್ಟುಬಿಡು, ನಾನು ಅದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕುದಾ ಎಂದೆ. ಅವನು ಹೋಗಿ ಅರ್ಧ ಗಂಟೆ ಆಗಿರಲಿಲ್ಲ, ಫೋನ್ ಮಾಡಿ ಬೇಡ ಎಂದೆ. ಎಂಟು ವರ್ಷದ ಕೆಲಸವನ್ನು ತಕ್ಕಡಿಗೆ ಹಾಕುವುದಾ? ಆಶಿಕನಿಗೆ ತಲೆಬಿಸಿ. ನನಗೂ.

ಆಮೇಲೆ ದೇವದಾಸಣ್ಣನಿಗೆ ಫೋನ್ ಮಾಡಿದೆ. ಪುತ್ತೂರಿನ ದರ್ಬೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಅವರದ್ದು, ಇವರ ಸ್ನೇಹಿತ. ಹಳೆಯ ಮೋಟಾರಿನ ಮಿಷನ್ ಯಾರಿಗೂ ಬೇಡ, ಹೊಸದನ್ನು ಕೂರಿಸಿ ಓಡಿಸಿ ತೋರಿಸಿದರೆ ಸುಳ್ಯದಲ್ಲಿ ವರ್ಕ್‌ಶಾಪ್ ಇರುವ ದಿಶಾಂತ್ ಎನ್ನುವವನು ಮಿಷನ್ ಎಂದೇ ಕೊಂಡುಹೋಗುತ್ತಾನೆ ಎಂದರು. ಗುಜರಿಗೆ ಹೋಗಬಾರದಾದರೆ ಅದೊಂದೇ ದಾರಿ. ದಿಶಾಂತ್ ನೋಡಲು ಬರುವುದು ಇದ್ದತ್ ಮುಗಿದ ಮರುದಿನ, ಜನವರಿ ಹತ್ತೊಂಬತ್ತಕ್ಕೆ.

ಕೂರಿಸುವವರು ಯಾರು? ದೇವದಾಸಣ್ಣ ಈಗ ಒಳಗೆ ಬರುವಂತಿಲ್ಲ. ಆಶಿಕನಿಗೆ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂಬುದೂ ಗೊತ್ತಿಲ್ಲ. “ನೀವೇ ಮಾಡಿ ಅಕ್ಕ, ನಾನು ಫೋನಿನಲ್ಲಿ ಹೇಳ್ತೇನೆ” ಎಂದರು ದೇವದಾಸಣ್ಣ. ಬಲ್ಬ್ ಬದಲಿಸಲು ಇಡೀ ಮನೆಯ ಕರೆಂಟ್ ತೆಗೆಯುವವಳು ನಾನು.

ಅಕ್ಟೋಬರ್ 4, ಶುಕ್ರವಾರ

ಹೊಸ ತಕರಾರು. ಕೊಟ್ಟಿಗೆ ಮನೆಯ ಒಳಗೋ, ಹೊರಗೋ?

ಅಡುಗೆಮನೆಯ ಬಾಗಿಲು ದಾಟಿದರೆ ಮೂರು ಹೆಜ್ಜೆ ಸಿಮೆಂಟು ನೆಲ, ಆಮೇಲೆ ಕೊಟ್ಟಿಗೆ. ಆಶಿಕ್ ಹೊರಗೆ ಎಂದ. ನನಗೆ ಮೊದಲು ಒಳಗೆ ಅನಿಸಿತು, ಅವನು ಹೇಳಿದ ಮೇಲೆ ಹೊರಗೆ ಅನಿಸಿತು. ಇವರನ್ನು ಹೆತ್ತ ಉಮ್ಮ ನೆಬೀಸ, ನನಗೆ ಮಾಮಿ, ಚಾಪೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಅಂಗಳಕ್ಕೆ ಇಳಿದರು. ಎಪ್ಪತ್ತೆರಡು ವಯಸ್ಸು. ಸೊಂಟಕ್ಕೆ ಕೈಕೊಟ್ಟು ತಲೆಯೆತ್ತಿ ಮಾಡು ನೋಡಿದರು. ಅಡುಗೆಮನೆಯ ತಗಡೇ ಮುಂದುವರಿದು ಕೊಟ್ಟಿಗೆಗೂ ಹೊದೆಸಿದೆ, ನಡುವೆ ಆಕಾಶ ಕಾಣುವುದಿಲ್ಲ. ಮಾಡು ಒಂದೇ, ಹಾಗಾಗಿ ಮನೆಯೂ ಒಂದೇ ಎಂದರು. ಆಶಿಕ್ ಮಸೀದಿಯ ಉಸ್ತಾದರನ್ನು ಕೇಳಿ ಬಂದ. ಅವರೂ ಅಡ್ಡಿಯಿಲ್ಲ ಎಂದರಂತೆ.

ಸರಿ, ಒಳಗೆ. ಆದರೂ ಹೋಗಲಿಲ್ಲ.

ಅಕ್ಟೋಬರ್ 17

ಬರೆಯಬಾರದು ಎಂದುಕೊಂಡದ್ದನ್ನು ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ಆ ಗಿರಣಿ ಮೋಟಾರಿಗೆ ಒಂದು ರೋಗ. ವೋಲ್ಟೇಜು ಇಳಿದ ಹೊತ್ತಿನಲ್ಲಿ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ ಹೊರತು ತಿರುಗುವುದಿಲ್ಲ. ಯಾರಾದರೂ ಬೆಲ್ಟಿಗೆ ಕೈ ಕೊಟ್ಟು ಒಮ್ಮೆ ದೂಡಬೇಕು, ಆಮೇಲೆ ಓಡುತ್ತದೆ. ಇವರು ಕಂಪ್ಯೂಟರಿನ ಎದುರು ಇರಬೇಕು. ಹಾಗಾಗಿ “ರಸೀ, ಒಮ್ಮೆ ಬಾ.” ಆರು ವರ್ಷ ಇದೇ. ಕೈಯಲ್ಲಿ ಹಿಟ್ಟಿರಲಿ, ಮೀನಿರಲಿ, ಹೋಗಬೇಕು. ನಾನೇನು ನಿಮ್ಮ ಮಿಷನ್ನಿನ ಸ್ಟಾರ್ಟರಾ ಎಂದು ಎಷ್ಟು ಸಲ ಬೈದಿಲ್ಲ! ಹೋದ ವರ್ಷ ಬೆಲ್ಟು ನನ್ನ ಬಲಗೈಯ ಒಂದು ಉಗುರನ್ನೇ ತೆಗೆದುಕೊಂಡು ಹೋಯಿತು. ಆಗ ಒಂದು ವಾರ ಮಾತು ಬಿಟ್ಟಿದ್ದೆ.

ಸೆಪ್ಟೆಂಬರ್ ಹನ್ನೆರಡು, ಸಂಜೆ ಐದು. ನಾನು ಬಂಗುಡೆ ಕಾಯಿಸುತ್ತಿದ್ದೆ, ಎಣ್ಣೆ ಚರಪರ ಎನ್ನುತ್ತಿತ್ತು. “ರಸೀ, ಒಮ್ಮೆ ಬಾ” ಎಂದರು. “ಬಂದೆ” ಎಂದೆ. ಮೀನು ಮಗುಚಿದೆ, ಇನ್ನೊಂದು ಹಾಕಿದೆ. ಹತ್ತು ನಿಮಿಷ. ಹೋಗಿ ನೋಡುವಾಗ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹಾರ್ಟು, ಒಂದು ಕ್ಷಣದ ಕೆಲಸ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರ್. ಅದು ಅವರ ಮಾತು.

ನನಗೆ ಗೊತ್ತಾಗಬೇಕಾದದ್ದು ಒಂದೇ. ಇವರು ಕರೆದದ್ದು ಬೆಲ್ಟಿಗಾ, ಎದೆನೋವಿಗಾ? ಬೆಲ್ಟಿಗಾದರೆ ಅದು ದಿನಾ ಕರೆಯುವ ಕರೆ. ನೋವಿಗಾದರೆ, ಗಂಡ ಸಾಯುತ್ತೇನೆ ಎಂದು ಕರೆದಾಗ ನಾನು ಮೀನು ಮಗುಚುತ್ತಿದ್ದೆ. ಮೋಟಾರು ಗುಂಯ್ ಎನ್ನುತ್ತಿತ್ತಾ? ನೆನಪು ಮಾಡಿಕೊಳ್ಳಲು ಕೂತರೆ ಎಣ್ಣೆಯ ಸದ್ದೇ ಕೇಳುತ್ತದೆ.

ನವೆಂಬರ್ 3, ಭಾನುವಾರ

ಕೊಟ್ಟಿಗೆಗೆ ಹೋದೆ.

ಎಲ್ಲ ಹಾಗೇ ಉಂಟು. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ಕಿನಲ್ಲಿ ಒಂದು ಅಲ್ಯುಮಿನಿಯಮ್ ಗಾಲಿ, ನಡುವೆ ತೂತು. ಅವರು ಮಾಡುತ್ತಿದ್ದ ಕೊನೆಯ ಕೆಲಸ, ಏನೆಂದು ಗೊತ್ತಿಲ್ಲ. ಬಾಗಿಲ ಬಳಿಯ ಮೈನ್ ಸ್ವಿಚ್ ಕೆಳಗಿತ್ತು. ಬೆಳಕಿಗೆಂದು ಅದನ್ನು ಮೇಲೆತ್ತಿದೆ.

ಗುಂಯ್!

ಓಡಬೇಕಿತ್ತು. ಓಡಲಿಲ್ಲ, ಕೈ ತನ್ನಷ್ಟಕ್ಕೆ ಹೋಗಿ ಬೆಲ್ಟನ್ನು ದೂಡಿತು. ಮಿಷನ್ ತಿರುಗಿತು, ಅವರ ಗಾಲಿಯೂ ತಿರುಗಿತು. ಆಮೇಲೆ ಮೈನ್ ಇಳಿಸಿ, ಅಲ್ಲೇ ನೆಲದಲ್ಲಿ ಕೂತೆ.

ಕೂತ ಮೇಲೆ ತಲೆಗೆ ಹೊಳೆಯಿತು. ಮೋಟಾರಿನ ಸ್ವಿಚ್ ಅಂದಿನಿಂದಲೂ ಹಾಕಿಯೇ ಇತ್ತು. ಅಂದರೆ ಅವರು ಸ್ವಿಚ್ ಹಾಕಿದ ಮೇಲೆ ಹೋದದ್ದು. ಆದರೆ ಹಾಕಿದಾಗ ಅದು ತಾನಾಗಿಯೇ ತಿರುಗಿತಾ, ಗುಂಯ್ ಎಂದು ನಿಂತಿತಾ? ತಿರುಗಿದ್ದರೆ ನನ್ನನ್ನು ಕರೆದದ್ದು ಬೆಲ್ಟಿಗಲ್ಲ. ನಿಂತಿದ್ದರೆ ಬೆಲ್ಟಿಗೆ. ಹಿಂದೆ ಹೋದರೆ ಬಾವಿ, ಮುಂದೆ ಹೋದರೆ ಕೆರೆ. ಮತ್ತೆ ಮೈನ್ ಇಳಿಸಿದವರು ಯಾರು? ಆಶಿಕ್ ನಾನಲ್ಲ ಎಂದ. ಮಾಮಿಯನ್ನು ಕೇಳಿದೆ. ತಸ್ಬೀಹ್ ಮಣಿ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ.

ನವೆಂಬರ್ 5

ಗಾಲಿ ಏನೆಂದು ದೇವದಾಸಣ್ಣನಿಗೆ ಗೊತ್ತಾಯಿತು. ಆಶಿಕ್ ಫೋಟೋ ತೆಗೆದು ಕಳಿಸಿದ್ದ. ಹೊಸ ಮೋಟಾರಿನ ಪುಲ್ಲಿಯಂತೆ, ಬೆಲ್ಟು ಕೂರುವ ಗಾಲಿ. ಹೊಸ ಮೋಟಾರಿನಿಂದ ಚಾಚಿದ ಶಾಫ್ಟು ಹತ್ತೊಂಬತ್ತು ಮಿಲ್ಲಿಮೀಟರ್ ದಪ್ಪ, ಇದರ ತೂತು ಇನ್ನೂ ಅಷ್ಟಾಗಿಲ್ಲ. ಬಿಚ್ಚಬೇಡಿ ಅಕ್ಕ ಎಂದರು. ಒಮ್ಮೆ ಚಕ್ಕಿನಿಂದ ಬಿಚ್ಚಿದರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ, ತೂತು ಓರೆಯಾಗುತ್ತದೆ. ಅದು ಇದ್ದಲ್ಲೇ ಇರುವಾಗ ಹಳೆಯ ಮೋಟಾರಿನಲ್ಲೇ ಕೆಲಸ ಮುಗಿಸಬೇಕು.

ಹೊಸದನ್ನು ಹಾಕಲು ಹಳೆಯದು ಬೇಕು, ಹಳೆಯದನ್ನು ತೆಗೆಯಲು ಹೊಸದು ಬೇಕು. ನನಗೆ ತಲೆನೋವು ಬಂತು, ಮಲಗಿದೆ.

ನವೆಂಬರ್ 20

ಇವರ ಪುಟಗಳನ್ನು ಓದುತ್ತಿದ್ದೇನೆ. ಮುಂದಿನಿಂದ ಅವರದ್ದು, ಹಿಂದಿನಿಂದ ನನ್ನದು. ಹೆಂಡತಿಗೆ ಬರೆದದ್ದಲ್ಲ ಎಂದು ಚೆನ್ನಾಗಿ ಗೊತ್ತಾಗುತ್ತದೆ, ಬರೀ ಅಂಕಿಗಳು. ನಡುನಡುವೆ ಒಂದೊಂದು ಕನ್ನಡ ಸಾಲು. “ಟೂಲ್ ಮೊದಲು ಹೊರಗೆ. ಆಮೇಲೆ ಮೋಟಾರು. ಆಮೇಲೆ ಹಸಿರು ಗುಂಡಿ.” ಇನ್ನೊಂದು ಕಡೆ: “ಆತುರ ಬೇಡ.” ಇದು ಯಾರಿಗೆ ಹೇಳಿದ್ದೋ. ನೆಂಟರ ಮನೆಗೆ ಹೊರಡುವಾಗ ಆಟೋ ಬಂದು ನಿಂತರೂ ಅಂಗಿ ಇಸ್ತ್ರಿ ಮಾಡುವ ಮನುಷ್ಯ!

ಕಂಪ್ಯೂಟರ್ ತೆರೆದೆ. ಹುಡುಕಿದೆ. ಪುಲ್ಲಿ ಎಂದೇ ಹೆಸರಿಟ್ಟ ಪ್ರೋಗ್ರಾಮ್, ಮಿಷನ್ನಿಗೆ ಹೇಳುವ ಸಾಲುಗಳು, ಸಿಕ್ಕಿತು. ಓದಿದರೆ ಎಂತದೂ ಅರ್ಥವಾಗುವುದಿಲ್ಲ, ಆದರೆ ಕೊನೆಯಿಂದ ಮೂರನೇ ಸಾಲಿನಲ್ಲಿ 19 ಉಂಟು. ಅದನ್ನು ನೋಡಿ ಸುಮ್ಮನೆ ಖುಷಿಯಾಯಿತು.

ಡಿಸೆಂಬರ್ 6, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದೆ. ಟೂಲ್, ಕೆತ್ತುವ ಉಳಿ, ಹೊರಗೆ ಇತ್ತು. ಸ್ವಿಚ್ ಹಾಕಿದೆ. ಗುಂಯ್.

ನಾನು ಕಂಪ್ಯೂಟರಿನ ಎದುರು. ಬೆಲ್ಟು ಆ ತುದಿಯಲ್ಲಿ. ಎರಡು ಕಡೆ ಇರಲು ನಾನೇನು ಜಿನ್ನಾ? ಸ್ವಿಚ್ ತೆಗೆದು ಕೂಗಿದೆ. “ಮಾಮೀ, ಒಮ್ಮೆ ಬನ್ನಿ.”

ಕೂಗಿದ ಮೇಲೆ ಅದು ಯಾರ ಮಾತು ಎಂದು ಗೊತ್ತಾಯಿತು.

“ಬಂದೆ” ಎಂದರು ಮಾಮಿ ಅಡುಗೆಮನೆಯಿಂದ. ಬರಲಿಲ್ಲ. ತೊಂಡೆಕಾಯಿ ಹೆಚ್ಚುವ ಸದ್ದು ಕೇಳುತ್ತಿತ್ತು. ನನಗೆ ಸಿಟ್ಟು ಬಂತು. ಕರೆದಾಗ ಬರಲಿಕ್ಕೆ ಇವರಿಗೆಲ್ಲ ಎಂತ ಕಷ್ಟ ಎಂದುಕೊಂಡೆ. ಆಮೇಲೆ ಕೈ ಒರಸಿಕೊಳ್ಳುತ್ತ ಬಂದರು. ಹೇಗೆ ದೂಡುವುದೆಂದು ತೋರಿಸಿದೆ: ಅಂಗೈ ಬಿಚ್ಚಿರಬೇಕು, ಬೆರಳು ಮಡಚಬಾರದು, ದೂಡಿದ ಕೂಡಲೇ ಕೈ ಹಿಂದೆ. ಸ್ವಿಚ್ ಹಾಕಿದೆ, ಗುಂಯ್ ಎಂದಿತು, ಮಾಮಿ ಬಿಸ್ಮಿಲ್ಲಾ ಹೇಳಿ ದೂಡಿದರು. ತಿರುಗಿತು. ಹಸಿರು ಗುಂಡಿ ಒತ್ತಿದೆ. ಟೂಲ್ ತಾನಾಗಿಯೇ ತೂತಿನೊಳಗೆ ಹೋಗಿ ಬಂತು, ಬೆಳ್ಳಿಯ ನೂಲಿನ ಹಾಗೆ ಸುರುಳಿ ಸುರುಳಿ ಹೊರಬಿತ್ತು. ನಾಲ್ಕು ಸಲ ಹೋಗಿ ಬಂದು ನಿಂತಿತು. ಬಿಚ್ಚಿ, ಹೊಸ ಮೋಟಾರಿನ ಶಾಫ್ಟಿಗೆ ಹಾಕಿ ನೋಡಿದೆ. ಬಳೆಗಾರ ತೊಡಿಸಿದ ಬಳೆಯ ಹಾಗೆ ಕೂತಿತು.

ಮಾಮಿ ಹೋಗಲಿಲ್ಲ. ಅದೇ ಸ್ಟೂಲಿನಲ್ಲಿ ಕೂತರು.

“ಆ ದಿನವೂ ಇದೇ ಸದ್ದು, ರಸೀನಾ. ಗುಂಯ್ ಅಂತ ಇತ್ತು, ತಿರುಗ್ತಾ ಇರ್ಲಿಲ್ಲ. ನೀನು ಅವನನ್ನು ಹಿಡ್ಕೊಂಡು ಕೂಗ್ತಾ ಇದ್ದೆ, ನಿನಗೆ ಎಂತದೂ ಕೇಳ್ತಿರ್ಲಿಲ್ಲ. ಮೈನ್ ಇಳಿಸಿದ್ದು ನಾನು. ಅವ ಕರೆದದ್ದು ಬೆಲ್ಟಿಗೆ.”

ಮೂರು ತಿಂಗಳಿನಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಜೋರಾಯಿತೋ ಏನೋ.

“ಹೇಳಿದ್ರೆ, ನೀವು ಎಲ್ಲಿದ್ರಿ ಅಂತ ಕೇಳ್ತೀ ಅಲ್ವಾ. ನನಗೂ ಕೇಳಿತ್ತು ಅವ ಕರೆದದ್ದು. ನಿನ್ನ ಹೆಸರು ಹೇಳಿದ, ನನ್ನದಲ್ಲ ಅಂತ ಚಾಪೆಯಲ್ಲೇ ಕೂತೆ.”

ಅವರ ಕೈಗೆ ಬೆಲ್ಟಿನ ಕಪ್ಪು ಮಸಿ ಮೆತ್ತಿತ್ತು, ಸೀಮೆಎಣ್ಣೆ ಹಾಕಿ ಒರಸಿದೆ. ಇಬ್ಬರೂ ಅತ್ತೆವು. ಆಮೇಲೆ ತೊಂಡೆಕಾಯಿ ಪಲ್ಯ ಉಂಡೆವು.

ಡಿಸೆಂಬರ್ 7

ಬೆಲ್ಟಿಗೆ ಕರೆದದ್ದು. ಬೆಲ್ಟಿಗೆ.

ಆದರೂ ಹೋಗಬಹುದಿತ್ತು.

ಡಿಸೆಂಬರ್ 22, ಭಾನುವಾರ

ಹೊಸ ಮೋಟಾರು ಕೂತಿತು. ಬರೆಯಲು ಮೂರು ಪದ, ಮಾಡಲು ಹದಿನೈದು ದಿನ. ಹಳೆಯದನ್ನು ಎತ್ತಿ ಇಳಿಸಲು ಆಶಿಕ್ ಬಂದ. ಅವನು ಮಾಡಿದ್ದು ಅಷ್ಟೇ, ಸೊಂಟ ಹಿಡಿಯಿತು ಎಂದು ಮೂರು ದಿನ ಹೇಳಿದ. ಮೋಟಾರಿನ ಕಾಲಿನ ತೂತುಗಳು ಹೊಂದಲಿಲ್ಲ, ಅಡಿಯ ಕಬ್ಬಿಣದ ಪಟ್ಟಿ ಕೊರೆದು ಬೇರೆ ತೂತು ಮಾಡಿದೆ.

ಬೂದು ಪೆಟ್ಟಿಗೆಗೆ ಡ್ರೈವ್ ಎನ್ನುತ್ತಾರೆ. ಮನೆಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಮಾಡಿ ಕೊಡುತ್ತದಂತೆ, ಅದರಿಂದ ಮೋಟಾರಿಗೆ ಮೂರು ವಯರು. ಇವತ್ತು ದೇವದಾಸಣ್ಣ ಬಂದು ತಗಡಿನ ಗೋಡೆಯ ಆಚೆ ನಿಂತರು, ನಾನು ಈಚೆ. ಕರೆಂಟ್ ಕೊಟ್ಟೆ. ತಿರುಗಿತು, ಆದರೆ ಉಲ್ಟಾ. ಆಚೆಯಿಂದ ದೇವದಾಸಣ್ಣ, ಕರೆಂಟ್ ತೆಗೆದು ಹತ್ತು ನಿಮಿಷ ಬಿಟ್ಟು ಮೂರರಲ್ಲಿ ಯಾವುದಾದರೂ ಎರಡು ವಯರು ಅದಲುಬದಲು ಮಾಡಿ ಎಂದರು. ಯಾವ ಎರಡು ಎಂದೆ. ಯಾವುದಾದರೂ ಎರಡು ಎಂದರು. ಹಾಗೆ ಹೇಗೆ ಆಗುತ್ತದೆ ಮಾರಾಯ್ರೆ, ಯಾವುದಾದರೂ ಎಂದರೆ? ಮಾಡಿದೆ. ಸರಿಯಾಯಿತು. ಈಗಲೂ ನಂಬಿಕೆ ಇಲ್ಲ.

ಎರಡನೇ ಸಲ ಪೆಟ್ಟಿಗೆಯ ಗುಂಡಿ ಒತ್ತಿದಾಗ ಮೋಟಾರು ನಿಧಾನಕ್ಕೆ ಏಳುವುದನ್ನು ನೋಡಿ ನನ್ನ ಹಾಳು ಕೈ ಹಳೆಯ ಅಭ್ಯಾಸದಲ್ಲಿ ಬೆಲ್ಟಿಗೆ ಹೋಯಿತು. ಅದಕ್ಕೆ ಯಾರ ಕೈಯೂ ಬೇಡ. ಬೆಲ್ಟು ಬಿಳಿ ಕುಪ್ಪಸದ ತೋಳನ್ನು ಎಳೆದುಕೊಂಡಿತು. ಎಡಗೈಯಲ್ಲಿ ಕೆಂಪು ಗುಂಡಿ ಒತ್ತಿದೆ, ತೋಳು ಹರಿಯಿತು, ಕೈ ಉಳಿಯಿತು. ಎಂತ ಆಯ್ತು ಅಕ್ಕ ಎಂದು ಆಚೆಯಿಂದ ಕೇಳಿದರು. ಹೇಳಿದೆ.

“ಶಿಹಾಬ ಈ ಮೋಟಾರು ತರಿಸಿದ್ದೇ ಅದಕ್ಕೆ ಅಕ್ಕ. ನಿಮ್ಮ ಉಗುರು ಹೋಯ್ತಲ್ಲ, ಅಲ್ಲಿಂದ ನನ್ನತ್ರ ಹೇಳ್ತಾ ಇದ್ದ. ಇನ್ನು ಅವಳನ್ನು ಕರೆಯುವ ಹಾಗೆ ಇರ್ಬಾರ್ದು ಅಂತ.”

ನನಗೆ ಹೇಳಿದ್ದರೆ ಬಾಯಿ ಸವೆಯುತ್ತಿತ್ತಾ? ಒಂದು ವಾರ ಮಾತು ಬಿಟ್ಟಾಗ ಹೇಳಬಹುದಿತ್ತು. ಆರು ವರ್ಷ ಕರೆಯಬೇಡಿ ಎಂದು ಬೈದವಳು ನಾನು. ಈಗ ಮಿಷನ್ ತಾನಾಗಿಯೇ ಎದ್ದು ಓಡುತ್ತದೆ, ಯಾರೂ ಕರೆಯುವುದಿಲ್ಲ. ನನಗೆ ಈ ಮೋಟಾರು ಕಂಡರೆ ಆಗುವುದಿಲ್ಲ. ಮಾಮಿ ತೋಳು ಹೊಲಿದುಕೊಟ್ಟರು.

ಜನವರಿ 18, ಶನಿವಾರ

ಇದ್ದತ್ ಮುಗಿಯಿತು. ಹಸಿರು ಚೂಡಿದಾರ ಹಾಕಿಕೊಂಡೆ. ನೆಟ್ಟಣ ಸ್ಟೇಷನ್ನಿನವರೆಗೆ ನಡೆದು, ರೈಲು ನೋಡಿ, ಬಂದೆ. ಎಲ್ಲಿಗೆ ಹೋಗುವುದೆಂದು ಗೊತ್ತಾಗಲಿಲ್ಲ.

ಜನವರಿ 19

ದಿಶಾಂತ್ ಪಿಕಪ್ ಸಮೇತ ಬಂದ. ಮೂವತ್ತರ ಒಳಗಿನವನು, ಮರ್ಯಾದಸ್ಥ. ಒಂದು ತಿಂಗಳು ಇವರ ಪುಸ್ತಕ ಎದುರಿಟ್ಟು, ಹಿತ್ತಾಳೆ ಹಾಳು ಮಾಡಿ ಕಲಿತದ್ದನ್ನು ಓಡಿಸಿ ತೋರಿಸಿದೆ. ಒಂದು ಹಿತ್ತಾಳೆ ತುಂಡು ಹಾಕಿ ಒಂದು ಬುಷ್ ಮಾಡಿ ಅವನ ಕೈಗೆ ಕೊಟ್ಟೆ. ಅವನು ಅಳತೆ ಮಾಡಿ, ಮತ್ತೊಮ್ಮೆ ಮಾಡಿ, ಶಿಹಾಬಣ್ಣ ಬರೆದಿಟ್ಟ ಪ್ರೋಗ್ರಾಮಾ ಎಂದು ಕೇಳಿದ. ಅವರದ್ದೇ, ಆದರೆ ತೂತು ಎರಡು ಕೂದಲಷ್ಟು ದೊಡ್ಡದಾಗುತ್ತಿತ್ತು, ಹೊಸ ಮೋಟಾರು ಜೋರಲ್ಲವಾ, ಹಾಗಾಗಿ ವೇಗ ಇಳಿಸಿ ಕೊನೆಯ ಸಲ ತೆಳುವಾಗಿ ತೆಗೆಯಲು ಬದಲಿಸಿದೆ ಎಂದೆ. ಅವನು ಆಶಿಕನ ಮುಖ ನೋಡಿದ. ಆಶಿಕ್ ನನ್ನ ಮುಖ ನೋಡಿದ. ಇವರಿಬ್ಬರಿಗೆ ಎಂತ ಆಯಿತೋ.

ತೆಗೆದುಕೊಳ್ಳುತ್ತೇನೆ ಎಂದ. ಗುಜರಿಗೆ ಹೋಗುವುದಿಲ್ಲ, ಅದು ಸರಿಯಾಯಿತು. ಆದರೆ ಇವರು ಒಪ್ಪಿಕೊಂಡ ನಲವತ್ತು ಬುಷ್ಷು ಬಾಕಿ ಉಂಟು, ಪುಸ್ತಕದಲ್ಲಿ ಬರೆದಿದ್ದಾರೆ. ಒಪ್ಪಿಕೊಂಡದ್ದನ್ನು ಮಾಡಿ ಕೊಡದಿದ್ದರೆ ಹೇಗೆ? ಅದು ಮುಗಿದ ಮೇಲೆ ಬನ್ನಿ ಎಂದೆ. ಆಶಿಕ್ ಹಲ್ಲು ಕಚ್ಚಿದ. ದಿಶಾಂತ್ ನಕ್ಕು, ಹಾಗಾದರೆ ನನ್ನದೂ ಇಪ್ಪತ್ತು ಸೇರಿಸಿ ಎಂದ. ಸರಿ, ಅರವತ್ತು ಮುಗಿದ ಮೇಲೆ ಮಿಷನ್ ಕೊಡುವುದೇ.

ಜನವರಿ 23

ಹಿಂದಿನಿಂದ ಬರೆಯುತ್ತ ಬಂದು ಇವರ ಕೊನೆಯ ಪುಟದ ಹತ್ತಿರ ಮುಟ್ಟಿದೆ. ಇನ್ನು ಒಂದೇ ಹಾಳೆ ಉಂಟು. ದರ್ಬೆಗೆ ಹೋದಾಗ ಹೊಸ ಪುಸ್ತಕ ತರಬೇಕು, ದಪ್ಪದ್ದು.

ಬುಷ್ 14. ಒಳ ಅಳತೆ 25.02. ಹದಿನಾಲ್ಕೂ ಸರಿ.

ಮಧ್ಯಾಹ್ನ ಹದಿನೈದನೆಯದ್ದು ನಡೆಯುತ್ತಿತ್ತು. ಅಡುಗೆಮನೆಯಿಂದ ಮಾಮಿ ಊಟಕ್ಕೆ ಕರೆದರು. “ಬಂದೆ” ಎಂದೆ. ಟೂಲ್ ಒಳಗಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ಅದು ಮುಗಿದು, ಅಳೆದು, ಕೈ ತೊಳೆದು ಹೋಗುವಾಗ ಮಾಮಿ ಬಟ್ಟಲು ಮುಚ್ಚಿಟ್ಟು ಕಾಯುತ್ತಿದ್ದರು. ನೀವು ಕರೆದು ಹತ್ತು ನಿಮಿಷ ಆಯಿತು, ತಪ್ಪಾಯಿತು ಎಂದೆ.

ಮಾಮಿ ಬಟ್ಟಲಿನ ಮುಚ್ಚಳ ತೆಗೆದರು. “ಕೈಯಲ್ಲಿ ಕೆಲಸ ಇತ್ತಲ್ಲ. ಹತ್ತು ನಿಮಿಷ ಎಂತ ತಪ್ಪು, ಕೂತ್ಕೋ” ಎಂದರು.

ಕೂತೆ. ಬಂಗುಡೆ ಕಾಯಿಸಿದ್ದರು. ಸೆಪ್ಟೆಂಬರಿನಿಂದ ನಾನು ಅದನ್ನು ಬಾಯಿಗೆ ಇಟ್ಟಿರಲಿಲ್ಲ. ಎರಡು ತಿಂದೆ.